ಗೋಡೆ ಕುಟ್ಟುವವರು

ಚಿದಾನಂದ ಡಾಕ್ಟರು ಇಂಗ್ಲೆಂಡಿನ ಲೀಡ್ಸ್ ನಗರದ ಮನೆ ಮಾರಿ ಹಳ್ಳಿ ಸೇರಿದ್ದು ಹೆಂಡತಿಯ ರೊಟ್ಟಿಗಾಗಿ ಎಂದರೆ ಯಾರು ನಂಬುತ್ತಾರೆ? ನಿಜ ಮಾತ್ರ ಅದೇ. ಅಲ್ಲಿ ಪಕ್ಕದ ಮನೆಗೂ ಇವರಿಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನ ಶರಣಮ್ಮ ಜೋಳದ ರೊಟ್ಟಿ ಬಡಿಯಲು ಕೈಹಚ್ಚಿದಳೋ ಇಲ್ಲವೋ, ಆಚೆಯಿಂದ ಮೌರೀನ್ ಮುದುಕಿ ಕೋಲಿನಿಂದ ಮೂರು ಸಲ ಗೋಡೆ ಕುಟ್ಟುತ್ತಿದ್ದಳು. ಹೊಸದರಲ್ಲಿ ಶರಣಮ್ಮ ಇದಕ್ಕಾಗಿ ಅತ್ತದ್ದುಂಟು. ಡಾಕ್ಟರು ಹೋಗಿ ಮುದುಕಿಯನ್ನು ಚೆನ್ನಾಗಿ ದಬಾಯಿಸಿ ಬಂದಿದ್ದರು. ಇಪ್ಪತ್ತು ವರ್ಷ ಕಳೆದರೂ, ರಜೆಯ ದಿನ ಆ ಸದ್ದು ಕೇಳಿದರೆ ಅವರ ಮೈ ಉರಿಯುತ್ತಿತ್ತು.

ನಿವೃತ್ತಿಯಾದದ್ದೇ ತಡ, ಊರಾಚೆ ಡೇಲ್ಸ್ ಎಂಬ ಗುಡ್ಡಗಾಡಿನಲ್ಲಿ, ಅರ್ಧ ಮೈಲಿಗೂ ನೆರೆಮನೆಯಿಲ್ಲದ ಕಲ್ಲಿನ ಮನೆ ಕೊಂಡರು. ಇನ್ನು ಎಷ್ಟು ಬೇಕಾದರೂ ಬಡಿ ಎಂದರು. ಅಲ್ಲಿ ತಿನ್ನುವವರು ಯಾರು ಎಂದು ಶರಣಮ್ಮ ಕೇಳಿದ್ದನ್ನು ತಮಾಷೆ ಎಂದುಕೊಂಡು ನಕ್ಕರು, ಜಾಣರು!

ಗೃಹಪ್ರವೇಶಕ್ಕೆ ಬಂದ ಕನ್ನಡದವರೆಲ್ಲ ಗಾಳಿಯನ್ನು ಹೊಗಳಿ ಹೋದವರು ಮತ್ತೆ ಈ ಕಡೆ ತಲೆಹಾಕಲಿಲ್ಲ. ಬಸ್ಸು ವಾರಕ್ಕೆರಡು, ಶರಣಮ್ಮನಿಗೆ ಕಾರು ಓಡಿಸಲು ಬಾರದು. ಮೊದಲು ದಿನಕ್ಕೆ ನಾಲ್ಕು ರೊಟ್ಟಿ, ಆಮೇಲೆ ಎರಡು, ಆಮೇಲೆ ಬ್ರೆಡ್ಡು. ಮಾತೂ ಹಾಗೆಯೇ ಕಡಿಮೆಯಾಯಿತು. ಇವಳು ನನ್ನ ಕಣ್ಣೆದುರೇ ಆರಿಹೋಗುತ್ತಿದ್ದಾಳೆ ಎಂದು ಡಾಕ್ಟರಿಗೆ ಭಯವಾಯಿತು. ಮಾತ್ರೆಗಳ ಹೆಸರು ಬಿಟ್ಟು ಬೇರೇನೂ ತೋಚಲಿಲ್ಲ.

ಫೆಬ್ರವರಿಯಲ್ಲಿ ಲೀಡ್ಸಿನ ಗೆಳತಿ ಶೋಭಾ ಫೋನ್ ಮಾಡಿ ಮೌರೀನ್ ತೀರಿಕೊಂಡಳೆಂದಳು. ಶರಣಮ್ಮ ಅಂದು ಊಟ ಮಾಡಲಿಲ್ಲ. ಅಷ್ಟು ಕಾಡಿದವಳಿಗಾಗಿ ಯಾಕೆ ಅಳುತ್ತೀ ಎಂದು ಡಾಕ್ಟರು ಕೇಳಿದಾಗ ಎಲ್ಲ ಹೇಳಿದಳು. ಮೊದಲ ವರ್ಷವೇ ತಾನು ಹೋಗಿ ಮುದುಕಿಗೆ ಒಂದು ಬಿಸಿರೊಟ್ಟಿ, ಶೇಂಗಾ ಚಟ್ನಿ ಕೊಟ್ಟದ್ದೇ ಜಗಳ ಮುಗಿದಿತ್ತಂತೆ. ಆಮೇಲಿನ ಹತ್ತೊಂಬತ್ತು ವರ್ಷ ಗೋಡೆ ಕುಟ್ಟಿದ್ದೆಲ್ಲ, ನನಗೂ ಒಂದು ಇಡು ಎನ್ನಲು. ಬೈಸಿಕೊಂಡದ್ದು ಮರೆಯದ ಮುದುಕಿ, ಡಾಕ್ಟರ ಕಾರಿಲ್ಲದ ದಿನ ಮಾತ್ರ ತಟ್ಟೆ ಹಿಡಿದು ಹಿಂಬಾಗಿಲಿಗೆ ಬರುತ್ತಿದ್ದಳು. ಇಬ್ಬರೂ ಮೂರು ಗಂಟೆಯ ತನಕ ಹರಟುತ್ತಿದ್ದರು.

ನನಗೇಕೆ ಹೇಳಲಿಲ್ಲ ಎಂದರು ಡಾಕ್ಟರು.

“ನೀವು ಯಾವತ್ತರ ಕೇಳೀರೇನು?”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು, ಪುಣ್ಯಾತ್ಮರು.

ಮರುದಿನ ಅವರು ಬೇಡಿಕೊಂಡದ್ದಕ್ಕೆ ಶರಣಮ್ಮ ಹಿಟ್ಟು ನಾದಿದಳು. ಬಡಿಯುವ ಸದ್ದು ಶುರುವಾದೊಡನೆ ಡಾಕ್ಟರು ಪಕ್ಕದ ಕೋಣೆಗೆ ಹೋಗಿ, ಗುಡ್ಡ ಹತ್ತಲು ಕೊಂಡಿದ್ದ ಕೋಲಿನಿಂದ ಮೂರು ಸಲ ಗೋಡೆ ಕುಟ್ಟಿದರು. ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅರವತ್ತೆಂಟರ ಮನುಷ್ಯ, ಹೊಸಿಲು ದಾಟದೆ ಕಾದರು.

ಶರಣಮ್ಮ ತಿರುಗಿ ನೋಡಿದಳು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

“ನೀವು ಒಳಗಿನವರು ರೀ,” ಎಂದಳು. “ನಂಗ ಬೇಕಾಗಿದ್ದು ಹೊರಗಿಂದ ಬರೋರು.”

ಅವರ ತಟ್ಟೆಗೆ ಒಂದು ರೊಟ್ಟಿ ಹಾಕಿದಳು. ಒಲೆ ಆರಿಸಿ, ಉಳಿದ ಹಿಟ್ಟನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡಳು.