ಸಡಿಲವಾದ ಕಟ್ಟು

"ಗರ್ಭಕೋಶ ತಾನಾಗೇ ನಿಂತಿರಲ್ಲ ಸಾರ್," ಎಂದರು ಡಾಕ್ಟರ್ ಸೌಮ್ಯಶ್ರೀ. ಚೀಟಿಯ ಹಿಂಬದಿಯಲ್ಲಿ ಬೋರಲು ಹಾಕಿದ ಸೀಬೆಹಣ್ಣಿನಂಥದೊಂದು ಆಕಾರ ಬರೆದು, ಅದರಿಂದ ಗೆರೆಗಳನ್ನೆಳೆದರು. "ಎರಡು ಪಕ್ಕಕ್ಕೆ, ಹಿಂದೆ ಬೆನ್ನುಮೂಳೆ ಬುಡಕ್ಕೆ, ಹೀಗೆ ಲಿಗಮೆಂಟ್‌ಗಳು ಹಿಡ್ಕೊಂಡಿರ್ತವೆ. ಕಟ್ಟುಗಳು ಅನ್ಕೊಳ್ಳಿ. ಇವ್ರಿಗೆ ಅವು ಸಡಿಲ ಆಗಿವೆ. ಗರ್ಭಕೋಶ ಕೆಳಕ್ಕೆ ಜಾರಿದೆ."

ಜಂಬಣ್ಣ ಆ ಗೆರೆಗಳನ್ನೇ ನೋಡಿದ. ಹೆಂಡತಿಗೆ ಸೊಂಟನೋವೆಂದು ತಿಳಿದು, ಪಾತ್ರೆ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಬಸವೇಶ್ವರನಗರದ ಈ ಕ್ಲಿನಿಕ್ಕಿಗೆ ಕರೆತಂದಿದ್ದ. ಒಳಗೆ ಬರಬೇಕಾಗುತ್ತದೆಂದು ಅಂದುಕೊಂಡಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಬಸವರಾಜೇಶ್ವರಿ ತಲೆ ತಗ್ಗಿಸಿ ಕೂತಿದ್ದಳು.

ಎಷ್ಟು ದಿನದಿಂದ ಎಂದು ಡಾಕ್ಟರ್ ಕೇಳಿದರು. ಏಳು ವರ್ಷ ಎಂದಳು. ಆಗೇನಾದರೂ ಭಾರ ಎತ್ತುತ್ತಿದ್ದಿರಾ ಎಂದರು.

"ನಮ್ಮತ್ತೇನ," ಎಂದಳು. "ಹಾಸಿಗೆ ಹಿಡಿದಿದ್ರು. ಎರಡು ವರ್ಷ."

ಎರಡು ಹೆರಿಗೆ, ಆಮೇಲೆ ದಿನಾ ಅಷ್ಟು ಭಾರ, ಆಗುವಂಥದೇ ಎಂದರು ಡಾಕ್ಟರ್. ಮೇಲಕ್ಕೆತ್ತಿ ಹೊಲಿದು ಕಟ್ಟುವ ಆಪರೇಷನ್ ಇದೆ, ಹೆದರಬೇಕಾಗಿಲ್ಲ ಎಂದೂ ಹೇಳಿದರು. ಜಂಬಣ್ಣನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ಅವ್ವನನ್ನು ನೋಡಿಕೊಳ್ಳಲು ಅವಳು ಹಾಸಿಗೆಯನ್ನು ಅವ್ವನ ಕೋಣೆಗೆ ಒಯ್ದಿದ್ದಳು. ಅವ್ವ ತೀರಿಕೊಂಡು ಶಿವಗಣಾರಾಧನೆ ಮುಗಿದ ಮೇಲೂ ಆ ಹಾಸಿಗೆ ವಾಪಸು ಬರಲಿಲ್ಲ. ಇವನು ಎಷ್ಟೋ ದಿನ ಬಾಗಿಲು ಓರೆ ಮಾಡಿಟ್ಟು ಕಾದ. ಒಮ್ಮೆ ಅಡುಗೆಮನೆಯಲ್ಲಿ ಹೆಗಲ ಮೇಲೆ ಕೈಯಿಟ್ಟಾಗ ಅವಳು ಬಗ್ಗಿ ಸರಿದುಹೋದಳು. ತಾನು ಅವಳಿಗೆ ಬೇಡವಾಗಿದ್ದೇನೆಂದು ಅಂದೇ ತೀರ್ಮಾನಿಸಿಬಿಟ್ಟ. ಕೇಳಿದರೆ ಹೌದೆಂದುಬಿಟ್ಟಾಳೆಂದು ಕೇಳಲೇ ಇಲ್ಲ. ಗೋಡೆಯಾಚೆ ಅವಳು ಮಗ್ಗುಲು ಬದಲಿಸಿದಾಗ ಬರುವ ಬಳೆ ಸದ್ದಿಗೆ ಕಿವಿಗೊಟ್ಟು ಮಲಗುವುದು ರೂಢಿಯಾಗಿತ್ತು.

ಹೊರಗೆ ಬಂದು ಸ್ಕೂಟರಿಗೆ ಕೀಲಿ ಹಾಕಿದವನು ಹಾಗೇ ನಿಂತ.

"ಗಾಡಿ ಮೇಲೆ ಕೂತ್ರೆ ನೋಯುತ್ತಾ?"

"ಹಂಪ್ ಬಂದಾಗ."

"ಒಂದು ಮಾತು ಹೇಳ್ಬಾರ್ದಿತ್ತಾ, ರಾಜೇಶ್ವರಿ?"

ಅವಳು ರಸ್ತೆಯ ಕಡೆ ನೋಡಿದಳು. "ಹೆಂಗೆ ಹೇಳ್ಲಿ? ನಿಮಗೆ ಅಸಹ್ಯ ಆಗ್ಬಿಡುತ್ತೆ ಅನ್ಕೊಂಡೆ."

ಅವನು ಕೀಲಿ ತೆಗೆದು ಜೇಬಿಗಿಟ್ಟು, ಹೋಗುತ್ತಿದ್ದ ಆಟೋಕ್ಕೆ ಕೈ ಅಡ್ಡ ಹಿಡಿದ. ಸ್ಕೂಟರ್ ಏನು ಮಾಡ್ತೀರಿ ಎಂದು ಅವಳು ಕೇಳಿದ್ದಕ್ಕೆ, ಆಮೇಲೆ ಬಂದು ಒಯ್ಯುತ್ತೇನೆ ಎಂದ. ನಿಧಾನಕ್ಕೆ ಹೋಗಪ್ಪ, ಹಂಪ್ ನೋಡಿಕೊಂಡು ಎಂದು ಆಟೋದವನಿಗೆ ಎರಡು ಸಲ ಹೇಳಿದ.

ಆಟೋ ಹೊರಟಿತು. ಅವಳು ಆ ತುದಿಗೆ, ಅವನು ಈ ತುದಿಗೆ ಕೂತಿದ್ದರು. ನಡುವೆ ಸ್ಕ್ಯಾನಿಂಗ್ ರಿಪೋರ್ಟಿನ ದೊಡ್ಡ ಕವರ್ ಇತ್ತು. ಕುರುಬರಹಳ್ಳಿಯ ಕಡೆ ತಿರುಗುವಾಗ ಬಸವರಾಜೇಶ್ವರಿ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.