ಹತ್ತಡಿಗೆ ಒಂದಿಂಚು

ಬೈಯಪ್ಪನಹಳ್ಳಿಯ ರೈಲು ಹಳಿ ಪಕ್ಕದ ಸರ್ಕಾರಿ ಹೈಸ್ಕೂಲಿಗೆ ಒಂದು ಆಟದ ಮೈದಾನವಿದೆ ಎಂದು ಸರ್ಕಾರದ ಕಾಗದಗಳು ಹೇಳುತ್ತಿದ್ದವು. ಕಾಗದ ಬರೆದವರು ಒಮ್ಮೆ ಬಂದು ನೋಡಿದ್ದರೆ ಆ ಮಾತನ್ನು ತಾವೇ ಹೊಡೆದುಹಾಕುತ್ತಿದ್ದರು. ಅಲ್ಲಿ ಹುತ್ತವಿತ್ತು. ಯಾರೋ ಹಳೇ ಮನೆ ಕೆಡವಿ ತಂದು ಸುರಿದ ಇಟ್ಟಿಗೆ ಚೂರಿನ ಗುಡ್ಡೆಯಿತ್ತು. ಎಮ್ಮೆ ಮಲಗುವಷ್ಟು ದೊಡ್ಡ ಗುಂಡಿಯಿತ್ತು, ಆಗಾಗ ಅದರಲ್ಲಿ ಎಮ್ಮೆಯೂ ಇರುತ್ತಿತ್ತು. ಇಂಥ ಶಾಲೆಯ ಹುಡುಗಿಯರು 2003ರ ಆಗಸ್ಟಿನಲ್ಲಿ ತಾಲ್ಲೂಕು ಮಟ್ಟದ ಫುಟ್‌ಬಾಲ್ ಫೈನಲ್ ತಲುಪಿಬಿಟ್ಟರು. ಒಂದೊಂದು ಪಂದ್ಯವನ್ನೂ ಕಂಡವರ ಮೈದಾನದಲ್ಲಿ ಆಡಿ, ಕಂಡವರ ಮಕ್ಕಳಿಗೆ ಬೀಳುವ ಚಪ್ಪಾಳೆ ಕೇಳಿಸಿಕೊಂಡು ಗೆದ್ದು ಬಂದಿದ್ದರು.

ಫೈನಲ್ ಎಲ್ಲಿ ಆಡಿಸಬೇಕೆಂದು ಚೀಟಿ ಎತ್ತಿದಾಗ ಇವರ ಶಾಲೆಯ ಹೆಸರೇ ಬಂತು. ಮರುದಿನವೇ ತಾಲ್ಲೂಕಿನ ದೈಹಿಕ ಶಿಕ್ಷಣಾಧಿಕಾರಿ ಫಹ್ಮಿದಾ ಮೇಡಂ ಶಿವಾಜಿನಗರದಿಂದ ಸ್ಕೂಟಿ ಹತ್ತಿ ಮೈದಾನ ನೋಡಲು ಬಂದರು. ಬಂದವರು ಸ್ಕೂಟಿಯಿಂದ ಇಳಿಯಲೂ ಇಲ್ಲ.

"ಏನ್ ಪ್ರೇಮ್‌ಕುಮಾರ್, ಇದ್ರಲ್ಲಿ ಫುಟ್‌ಬಾಲ್ ಆಡ್ಬೇಕಾ, ಕಡ್ಲೆಕಾಯಿ ಹಾಕ್ಬೇಕಾ?" ಎಂದು ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳಿದರು. "ಎರಡು ವಾರ ಟೈಮ್ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಇಂದಿರಾನಗರದಲ್ಲೇ ಮ್ಯಾಚು."

ಇಂದಿರಾನಗರದ ದೊಡ್ಡ ಶಾಲೆಯೇ ಫೈನಲ್ಲಿನ ಎದುರಾಳಿ. ಅವರಿಗೆ ಹುಲ್ಲು ಹಾಸಿದ ಮೈದಾನವಿತ್ತು, ಸೂರು ಹಾಕಿದ ಗ್ಯಾಲರಿಯಿತ್ತು. ಪ್ರೇಮ್‌ಕುಮಾರ್ ಹಲಸೂರಿನವರು. ಹುಡುಗನಾಗಿದ್ದಾಗ ಗಲ್ಲಿಗಲ್ಲಿಯಲ್ಲಿ ಫುಟ್‌ಬಾಲ್ ಆಡಿ ಮಂಡಿ ಕಳೆದುಕೊಂಡು, ಗಂಟಲನ್ನು ಮಾತ್ರ ಉಳಿಸಿಕೊಂಡಿದ್ದವರು. ಅಂದು ಅವರ ಗಂಟಲೂ ಏಳಲಿಲ್ಲ.

ತಂಡದಲ್ಲಿ ಎಡಗಡೆ ವಿಂಗಿನಲ್ಲಿ ಆಡುತ್ತಿದ್ದವಳು ಒಂಬತ್ತನೇ ಕ್ಲಾಸಿನ ಶಾಂಭವಿ. ಸಂಜೆ ರೊಟ್ಟಿ ತಿನ್ನುವಾಗ ಅವಳು ಮನೆಯಲ್ಲಿ ಈ ಸುದ್ದಿ ಹೇಳಿ, "ಅಪ್ಪಾ, ನಮ್ಮ ಸಾಲ್ಯಾಗೇ ಆಗಿದ್ರ ನೀ ನೋಡ್ಲಾಕ ಬರಬಹುದಿತ್ತು" ಎಂದಳು. ಅಷ್ಟೇ. ಆಮೇಲೆ ಪುಂಡಿಪಲ್ಯ ಇನ್ನಷ್ಟು ಹಾಕೆಂದು ಅವ್ವನನ್ನು ಕೇಳಿದಳು. ಆದರೆ ಅಪ್ಪ ಬಸಣ್ಣನಿಗೆ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ.

ಬಸಣ್ಣ ಜೇವರ್ಗಿ ಕಡೆಯ ಗಾರೆ ಮೇಸ್ತ್ರಿ. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಗಿತ್ತು, ಕರಣೆ ಹಿಡಿದು ಮೂವತ್ತಾಗಿತ್ತು. ಮಗಳು ಗೋಲು ಹೊಡೆದದ್ದನ್ನು ಊರವರೆಲ್ಲ ಹೇಳುತ್ತಿದ್ದರು, ಅವನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಪಂದ್ಯಗಳು ಕೆಲಸದ ದಿನವೇ ಇರುತ್ತಿದ್ದವು, ಎಲ್ಲೆಲ್ಲಿಯೋ ಇರುತ್ತಿದ್ದವು. ಈಗಿನ ಕೆಲಸವೋ ಶಾಲೆಯ ಎದುರಿಗೇ ನಡೆದಿತ್ತು. ಮೈದಾನ ಒಂದು ಸರಿಯಿದ್ದರೆ ರಸ್ತೆ ದಾಟಿದರೆ ಸಾಕಿತ್ತು.

"ಮಣ್ಣು ಸಪಾಟ ಮಾಡೂದು ಏನ್ ದೊಡ್ಡ ಮಾತು" ಎಂದ ಬಸಣ್ಣ.

"ಐತವಾರ ಒಂದಿನ ಬೆನ್ನು ನೆಟ್ಟಗ ಮಾಡ್ಕೋತಿದ್ದಿ, ಅದೂ ಹೋಯ್ತು" ಎಂದಳು ಹೆಂಡತಿ ಜಟ್ಟೆಮ್ಮ. ಹಾಗೆಂದವಳೇ ಮಣ್ಣು ಹೊರುವ ಪುಟ್ಟಿ ಹುಡುಕಲು ಎದ್ದಳು.

ಎರಡು ಭಾನುವಾರ ಇಪ್ಪತ್ತು ಜನ ದುಡಿದರು. ಬಾಡಿಗೆ ರೂಮುಗಳ ಸಾಲಿನಲ್ಲಿದ್ದ ಜೇವರ್ಗಿ, ಶಹಾಪುರದ ಕಡೆಯವರೆಲ್ಲ ಗುದ್ದಲಿ, ಸಲಿಕೆ, ದಿಮ್ಮಸು ಹಿಡಿದು ಬಂದರು. ಹುತ್ತ ಬರಿದಾಗಿದೆಯೆಂದು ಖಾತ್ರಿ ಮಾಡಿಕೊಂಡು ಕೈಮುಗಿದು ಅಗೆದರು. ಗುಡ್ಡೆ ಕಡಿದು ಗುಂಡಿಗೆ ತುಂಬಿದರು. ಎಮ್ಮೆಯನ್ನು ಬಹಳ ಗೌರವದಿಂದ ಬೇರೆ ಕಡೆ ಕಳಿಸಿಕೊಟ್ಟರು. ಹೆಂಗಸರು ನೀರು ಚಿಮುಕಿಸುತ್ತಾ ಬಂದ ಹಾಗೆ ಗಂಡಸರು ಸಾಲಾಗಿ ನಿಂತು ದಿಮ್ಮಸಿನಿಂದ ಬಡಿದು ಮಣ್ಣು ಗಟ್ಟಿ ಮಾಡಿದರು. ಬಸಣ್ಣ ಲೆವೆಲ್ ಟ್ಯೂಬಿಗೆ ನೀರು ತುಂಬಿಸಿ, ಮೂಲೆಮೂಲೆಗೂ ಮಟ್ಟ ನೋಡಿ, ಗೂಟಕ್ಕೆ ದಾರ ಕಟ್ಟುತ್ತಾ ಹೋದ. ಎರಡನೇ ಭಾನುವಾರ ಸಂಜೆ ನೆಲ ಹೇಗಾಗಿತ್ತೆಂದರೆ ಅಲ್ಲಿ ಎಲೆ ಹಾಕಿ ಊಟ ಬಡಿಸಬಹುದಿತ್ತು.

ಪ್ರೇಮ್‌ಕುಮಾರ್ ಹೊಸ ಚೆಂಡನ್ನು ತಂದು ಮಧ್ಯದಲ್ಲಿಟ್ಟರು. ಚೆಂಡು ಒಂದು ಕ್ಷಣ ನಿಂತಿತು. ಆಮೇಲೆ ಯಾರೂ ಮುಟ್ಟದೆಯೇ ನಿಧಾನವಾಗಿ ರೈಲು ಹಳಿಯ ಕಡೆಗೆ ಹೊರಟಿತು. ಇಪ್ಪತ್ತು ಜನ ನೋಡುತ್ತಿದ್ದ ಹಾಗೆಯೇ ಗೆರೆ ದಾಟಿ ಚರಂಡಿಗೆ ಬಿತ್ತು.

ಮೇಷ್ಟ್ರು ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆಯೂ ಅದೇ ದಾರಿ. "ಮೇಸ್ತ್ರಿಗಳೇ, ಇದೇನ್ರೀ ಇದು?" ಎಂದು ಕೇಳಿದರು.

ಬಸಣ್ಣನಿಗೆ ಆಗ ಹೊಳೆಯಿತು, ಹೊಳೆದ ಕೂಡಲೇ ಮುಖಕ್ಕೆ ರಕ್ತ ನುಗ್ಗಿತು. ತಾರಸಿಯಾಗಲಿ ಬಚ್ಚಲಾಗಲಿ, ನೀರು ನಿಲ್ಲಬಾರದೆಂದು ಒಂದು ಕಡೆಗೆ ಇಳಿಜಾರು ಬಿಡುವುದಕ್ಕೆ ಮೇಸ್ತ್ರಿಗಳು ವಾಟ ಎನ್ನುತ್ತಾರೆ. ಮಟ್ಟ ನೋಡಿ ಗುರುತು ಹಾಕಿದ ಮೇಲೆ, ಗುರುತಿನಿಂದ ಹತ್ತಡಿಗೆ ಒಂದಿಂಚು ಇಳಿಸಿ ದಾರ ಕಟ್ಟುವುದು ಅವನ ಕೈಗೆ ಮೂವತ್ತು ವರ್ಷದ ರೂಢಿ. ತಲೆ ಮೈದಾನ ಮಾಡುತ್ತಿತ್ತು, ಕೈ ತಾರಸಿ ಮಾಡಿ ಮುಗಿಸಿತ್ತು.

"ವಾಟ ಕೊಟ್ಬಿಟ್ಟೀನ್ರಿ ಸರ್" ಎಂದ. ತಲೆ ತಗ್ಗಿಸಿದ.

"ಇದು ಬಚ್ಚಲೇನ್ ನಿನಗ?" ಎಂದು ಜಟ್ಟೆಮ್ಮ ಎಲ್ಲರೆದುರಿಗೇ ಕೇಳಿದಳು. ಯಾರೋ ಕಿಸಕ್ಕೆಂದರು. ಶಾಂಭವಿ ನಗಲಿಲ್ಲ. ಚರಂಡಿಗೆ ಇಳಿದು ಚೆಂಡನ್ನು ತೆಗೆದು, ಲಂಗಕ್ಕೆ ಒರೆಸಿ, ಅಪ್ಪನ ಮುಖ ನೋಡದೆ ಮೇಷ್ಟ್ರ ಕೈಗೆ ಕೊಟ್ಟಳು. ಬಸಣ್ಣನಿಗೆ ಹೆಂಡತಿಯ ಮಾತಿಗಿಂತ ಅದು ಹೆಚ್ಚು ನೋಯಿಸಿತು.

ಸೋಮವಾರ ಫಹ್ಮಿದಾ ಮೇಡಂ ಈ ಸಲ ಸ್ಕೂಟಿಯಿಂದ ಇಳಿದರು. ನೆಲ ನೋಡಿ ಹುಬ್ಬೇರಿಸಿದರು, ಚೆಂಡು ಇಟ್ಟು ನೋಡಿ ಹುಬ್ಬಿಳಿಸಿದರು. ಇಳಿಜಾರು ಎರಡೂ ತಂಡಕ್ಕೂ ಒಂದೇ ಅಲ್ಲವೇ ಎಂದು ಪ್ರೇಮ್‌ಕುಮಾರ್ ವಾದ ಹೂಡಿದರು. "ಚರಂಡಿನೂ ಎರಡೂ ಟೀಮ್‌ಗೆ ಒಂದೇ, ಅದ್ರಲ್ಲಿ ಆಡಿಸ್ಲಾ?" ಎಂದು ಮೇಡಂ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಗುರುವಾರ ಬೆಳಿಗ್ಗೆ, ಇಂದಿರಾನಗರದಲ್ಲಿ ಫೈನಲ್.

ಬಸಣ್ಣ ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಕೆಲಸದ ಕಟ್ಟಡದ ಎರಡನೇ ಮಹಡಿಯಿಂದ ಮೈದಾನ ಕಾಣುತ್ತಿತ್ತು, ಅದನ್ನು ನೋಡದಿರುವುದು ಅವನ ಕೈಲಾಗಲಿಲ್ಲ. ಹುಡುಗಿಯರು ಆ ಓರೆ ನೆಲದ ಮೇಲೆಯೇ ಅಭ್ಯಾಸ ಮಾಡುತ್ತಿದ್ದರು. ಬುಧವಾರ ಸಂಜೆ ಅಭ್ಯಾಸ ಅರ್ಧಕ್ಕೆ ನಿಂತಿತು. ಟಿನ್ ಫ್ಯಾಕ್ಟರಿ ಕಡೆಯಿಂದ ಕಪ್ಪಾಗಿ ಬಂದ ಮೋಡ ಒಡೆದು ಸುರಿಯತೊಡಗಿತು, ಬೆಳಗಿನವರೆಗೂ ಬಿಡಲಿಲ್ಲ.

ಗುರುವಾರ ಅವನು ರಜೆ ಹಾಕಿ ಇಂದಿರಾನಗರಕ್ಕೆ ಹೋದ. ತಪ್ಪು ತನ್ನದೇ ಆದರೂ ಮಗಳ ಆಟ ನೋಡುವುದನ್ನು ಈ ಸಲ ಬಿಡಬಾರದೆಂದು ಹಟ ಬಂದಿತ್ತು. ಹೋಗಿ ನೋಡಿದರೆ ದೊಡ್ಡ ಶಾಲೆಯ ಹುಲ್ಲಿನ ಮೈದಾನ ಕೆರೆಯಾಗಿತ್ತು. ಗೋಲಿನ ಕಂಬಗಳು ಮೊಣಕಾಲು ಮುಳುಗಿಸಿಕೊಂಡು ನಿಂತಿದ್ದವು. ಗ್ಯಾಲರಿಯಲ್ಲಿ ತಂದೆ ತಾಯಿಯರು ಛತ್ರಿ ಮಡಿಲಲ್ಲಿಟ್ಟುಕೊಂಡು ನೀರನ್ನು ನೋಡುತ್ತಾ ಕುಳಿತಿದ್ದರು. ಎರಡೂ ತಂಡಗಳ ಹುಡುಗಿಯರು ಬೂಟು ಹಾಕಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು, ಕಾರಿಡಾರಿನಲ್ಲಿ ಸಾಲಾಗಿದ್ದರು.

"ನಾಳೆ ಬೆಳಿಗ್ಗೆ ಜಿಲ್ಲೆಗೆ ಒಂದು ಟೀಮಿನ ಹೆಸರು ಹೋಗ್ಲೇಬೇಕು" ಎನ್ನುತ್ತಿದ್ದರು ಫಹ್ಮಿದಾ ಮೇಡಂ. "ಏನ್ ಮಾಡ್ಲಿ ಹೇಳಿ ಪ್ರೇಮ್‌ಕುಮಾರ್. ಚೀಟಿ ಎತ್ತಿಬಿಡೋಣ. ಯಾರ ಹೆಸ್ರು ಬರುತ್ತೋ ಅವ್ರು ಗೆದ್ದಂಗೆ."

ಶಾಂಭವಿ ತಲೆ ತಗ್ಗಿಸಿ ಬೂಟಿನ ಲೇಸು ಬಿಚ್ಚತೊಡಗಿದಳು. ಬಸಣ್ಣ ಅದನ್ನು ಕಂಡ. ಎಂಜಿನಿಯರುಗಳ ಮುಂದೆ, ಓನರುಗಳ ಮುಂದೆ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಬದುಕಿದ ಮನುಷ್ಯ ಅವನು. ಈಗ ಯಾರೂ ಕೇಳದಿದ್ದರೂ ಮುಂದೆ ಬಂದ.

"ಮೇಡಂನೋರೆ, ನಮ್ಮ ಸಾಲಿ ಗ್ರೌಂಡಿನಾಗ ನೀರು ನಿಂತಿರೂದಿಲ್ರಿ."

ಮೇಡಂ ತಿರುಗಿದರು. "ನೀವ್ಯಾರು? ನೋಡ್ಕೊಂಡ್ ಬಂದ್ರಾ?"

"ನೋಡಿಲ್ರಿ. ಶಾಂಭವಿ ಅಪ್ಪ ಇದ್ದೀನ್ರಿ, ಗ್ರೌಂಡ್ ಮಾಡ್ದಂವ. ಹತ್ತಡಿಗೆ ಒಂದಿಂಚು ವಾಟ ಕೊಟ್ಟೀನ್ರಿ, ನೀರು ಹ್ಯಾಂಗ ನಿಲ್ತದ?"

ಪ್ರೇಮ್‌ಕುಮಾರ್ ಅವನನ್ನು ನೋಡಿದರು, ಕೆರೆಯನ್ನು ನೋಡಿದರು, ಕಳೆದುಹೋಗಿದ್ದ ಗಂಟಲು ಮರಳಿ ಬಂತು. "ಮೇಡಂ, ಹತ್ತು ನಿಮಿಷದ ದಾರಿ. ಚೀಟಿ ಎತ್ತೋದಾದ್ರೆ ಅಲ್ಲೂ ಎತ್ಬಹುದು" ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಹೇಳಿದರು.

ದೊಡ್ಡ ಶಾಲೆಯ ಬಸ್ಸಿನಲ್ಲೇ ಎರಡೂ ತಂಡಗಳು ಹೊರಟವು, ಗ್ಯಾಲರಿಯ ತಂದೆ ತಾಯಿಯರು ತಮ್ಮ ತಮ್ಮ ಗಾಡಿಗಳಲ್ಲಿ ಹಿಂದೆ ಬಂದರು. ಬಸಣ್ಣನನ್ನೂ ಹತ್ತಿಸಿಕೊಂಡರು. ಮೆತ್ತನೆಯ ಸೀಟಿನಲ್ಲಿ ಕುಳಿತ ಮೇಲೆ ಅವನಿಗೆ ಭಯ ಹಿಡಿಯಿತು. ಬಾಯಿ ಬಿಟ್ಟು ಹೇಳಿಯಾಗಿತ್ತು. ತುಂಬಿದ ಮಣ್ಣಿಗೆ ಹದಿನೈದು ದಿನವೂ ಆಗಿರಲಿಲ್ಲ. ಎಮ್ಮೆ ಗುಂಡಿ ಎಲ್ಲಾದರೂ ಕುಸಿದಿದ್ದರೆ? ಚರಂಡಿ ಕಟ್ಟಿಕೊಂಡಿದ್ದರೆ? ಎರಡನೇ ಸಲ ಮಗಳ ಮುಂದೆ ತಲೆ ತಗ್ಗಿಸುವುದು ಅವನಿಗೆ ಸಾಧ್ಯವಿರಲಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಮನೆದೇವರನ್ನು ಕರೆದ.

ಬಸ್ಸು ಇಳಿದು ಎಲ್ಲರೂ ಗೇಟಿನಲ್ಲೇ ನಿಂತರು. ಮೈದಾನ ಒದ್ದೆಯಾಗಿತ್ತು, ಬಣ್ಣ ಗಾಢವಾಗಿತ್ತು, ಆದರೆ ಒಂದು ಅಂಗೈಯಷ್ಟು ನೀರೂ ಎಲ್ಲಿಯೂ ನಿಂತಿರಲಿಲ್ಲ. ಹಳಿಯ ಪಕ್ಕದ ಚರಂಡಿ ಮಾತ್ರ ತುಂಬಿ ಹರಿಯುತ್ತಿತ್ತು. ಫಹ್ಮಿದಾ ಮೇಡಂ ಸೀರೆ ಎತ್ತಿ ಹಿಡಿದು ನಡುವಿನವರೆಗೆ ನಡೆದರು, ಎಮ್ಮೆ ಗುಂಡಿಯಿದ್ದ ಜಾಗದಲ್ಲಿ ಕಾಲು ಒತ್ತಿ ಒತ್ತಿ ನೋಡಿದರು, ಚಪ್ಪಲಿಯ ಅಡಿ ತಿರುಗಿಸಿ ನೋಡಿದರು. ಅಲ್ಲಿಂದಲೇ ಕೂಗಿದರು, "ಗೆರೆ ಎಳೀರಿ."

ಆಮೇಲಿನ ಅರ್ಧ ಗಂಟೆ ಬಸಣ್ಣನಿಗೆ ಸರಿಯಾಗಿ ನೆನಪಿಲ್ಲ. ಸುಣ್ಣದ ಪುಡಿ ಹಾಕಿದವರು ಯಾರೋ. ಬಸ್ಸು ಬಂದದ್ದು ಕಂಡು ಓಡಿಬಂದಿದ್ದ ಜಟ್ಟೆಮ್ಮ, ಕೂರಲು ಜಾಗವಿಲ್ಲವೆಂದು ಎದುರು ಕಟ್ಟಡಕ್ಕೆ ಹೋಗಿ ಸೆಂಟ್ರಿಂಗ್ ಹಲಗೆಗಳನ್ನೆಲ್ಲ ಹೊರಿಸಿಕೊಂಡು ಬಂದಳು. ಇಟ್ಟಿಗೆ ಪೇರಿಸಿ, ಮೇಲೆ ಹಲಗೆ ಹಾಸಿ, ಮೂರು ಮೆಟ್ಟಿಲಿನ ಗ್ಯಾಲರಿ ಎದ್ದಿತು. ಛತ್ರಿಯವರೂ ಪುಟ್ಟಿಯವರೂ ಒತ್ತೊತ್ತಾಗಿ ಕುಳಿತರು. ಜಾಗ ಸಾಲದವರು ಬಾಡಿಗೆ ರೂಮುಗಳ ತಾರಸಿ ಹತ್ತಿದರು. ಶಾಲೆಯ ಹುಡುಗರು ತಟ್ಟೆ ಬಡಿದರು. ಸ್ವಂತ ಶಾಲೆಯ ಹೆಸರನ್ನು ಯಾರಾದರೂ ಕೂಗುವುದನ್ನು ಆ ಹನ್ನೊಂದು ಹುಡುಗಿಯರು ಅಂದೇ ಮೊದಲು ಕೇಳಿದ್ದು. ಎಲ್ಲರ ನಡೆಯೇ ಬದಲಾಗಿತ್ತು, ಗೋಲ್‌ಕೀಪರ್ ಹುಡುಗಿ ಸುಮ್ಮಸುಮ್ಮನೆ ಎಗರುತ್ತಿದ್ದಳು.

ಆಟ ಸಲೀಸಾಗಿರಲಿಲ್ಲ. ದೊಡ್ಡ ಶಾಲೆಯವರು ಮೊದಲು ಗೋಲು ಹೊಡೆದರು, ಇವರು ಅರ್ಧ ಆಟ ಮುಗಿಯುವುದರೊಳಗೆ ತೀರಿಸಿದರು. ಚೆಂಡು ಬಿಟ್ಟಾಗಲೆಲ್ಲ ಹಳಿಯ ಕಡೆಗೇ ಸರಿಯುತ್ತಿತ್ತು. ಕೊನೆಗೆ ಐದು ನಿಮಿಷ ಉಳಿದಿರಲು, ಹಳಿಗೆ ಎದುರಾದ ಎತ್ತರದ ಬದಿಗೆ ಉದ್ದಕ್ಕೆ ಬಂದ ಒಂದು ಚೆಂಡು ಹೊರಗೇ ಹೋಯಿತೆಂದು ಎದುರಿನ ಹುಡುಗಿ ಓಟ ನಿಲ್ಲಿಸಿದಳು. ಶಾಂಭವಿ ನಿಲ್ಲಿಸಲಿಲ್ಲ. ಇಳಿಜಾರಿಗೆ ಅದು ಎಷ್ಟು ಒಳಗೆ ಸರಿಯುತ್ತದೆಂದು ಅವಳ ಕಾಲಿಗೆ ಗೊತ್ತಿತ್ತು. ಗೆರೆಯ ಮೇಲೆ ಅದನ್ನು ಹಿಡಿದು, ಒಳಗೆ ತಿರುಗಿ, ಒಬ್ಬಳನ್ನು ದಾಟಿ, ಎಡಗಾಲಲ್ಲಿ ಹೊಡೆದಳು. ಬಲೆಯಿಲ್ಲದ ಗೋಲು ಅದು. ಚೆಂಡು ಕಂಬಗಳ ನಡುವೆ ಹಾದು ಗೋಡೆಗೆ ಬಡಿದ ಸದ್ದು ಬಸಣ್ಣನಿಗೆ ಸ್ಪಷ್ಟವಾಗಿ ಕೇಳಿಸಿತು.

ಅವನು ಏನು ಕೂಗಿದನೋ ಅವನಿಗೇ ಗೊತ್ತಿಲ್ಲ. ಮತ್ತೆ ಕುಳಿತಾಗ ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ. ಇಂಥ ಸಂತೋಷ ತನಗೆ ಆಗಬಹುದೆಂದು ಅವನು ಎಣಿಸಿರಲೇ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ಇಂದಿರಾನಗರದ ಒಬ್ಬರು ಛತ್ರಿ ಪಕ್ಕಕ್ಕಿಟ್ಟು, ನೆಲವನ್ನು ಕಣ್ಣಲ್ಲೇ ಅಳೆಯುತ್ತಾ ಕೇಳಿದರು, "ಎಷ್ಟು ಮಳೆ ಬಂದ್ರೂ ಏನೂ ಆಗಿಲ್ವಲ್ರೀ. ಯಾರದ್ರೀ ಈ ಗ್ರೌಂಡು?"

ಇಂಥ ಪ್ರಶ್ನೆ ಬಸಣ್ಣನಿಗೆ ಹೊಸದಲ್ಲ. ಇಂದಿರಾನಗರದಲ್ಲಿ, ಹೊರಮಾವಿನಲ್ಲಿ, ಅವನು ಕಟ್ಟುವ ಮನೆಯ ಮುಂದೆ ದಾರಿಹೋಕರು ನಿಂತು ಯಾರದೆಂದು ಕೇಳುತ್ತಲೇ ಇರುತ್ತಾರೆ. ಅವನು ಓನರಿನ ಹೆಸರು ಹೇಳುತ್ತಾನೆ. ಗೃಹಪ್ರವೇಶದ ದಿನ ಹಿತ್ತಲಲ್ಲಿ ಉಂಡು, ಹೊಸ ಪಂಚೆ ತೆಗೆದುಕೊಂಡು ಹೊರಟರೆ, ಮತ್ತೆ ಆ ಮನೆಯ ಗೇಟು ದಾಟುವುದಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಮನೆಯೋ ಲೆಕ್ಕವಿಲ್ಲ, ಒಂದರೊಳಗೂ ಅವನು ಕುಳಿತದ್ದಿಲ್ಲ.

"ನಮ್ದೇ ಅದರೀ" ಎಂದ ಬಸಣ್ಣ. ಆಮೇಲೆ ಹಲಗೆಯ ಮೇಲೆ ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಟ್ಟ. "ಆಟ ಇನ್ನಾ ಅದ. ಆರಾಮ ಕುಂದರ್ರಿ."