ಹತ್ತನೇ ಹಾಡಿನ ರೈಲು

ಮಿಲ್ಪಿಟಾಸಿನ ಆ ಟೌನ್‌ಹೌಸಿನಲ್ಲಿ ಶನಿವಾರ ಮಧ್ಯಾಹ್ನ ಸದ್ದು ಮಾಡುವುದೆಲ್ಲ ಬಾಯಿ ಮುಚ್ಚಿಕೊಂಡಿತ್ತು. ಫ್ರಿಜ್ಜಿನ ಪ್ಲಗ್ ಕಿತ್ತಾಗಿತ್ತು. ಗೋಡೆ ಗಡಿಯಾರ ಕಾರಿನ ಡಿಕ್ಕಿ ಸೇರಿತ್ತು. ಮಂಡ್ಯದಿಂದ ಈ ಪರದೇಶಕ್ಕೆ ಬಂದಿದ್ದ ಪ್ರಭಾ ಕೈಬಳೆಯನ್ನೂ ಬಿಚ್ಚಿಟ್ಟು, ಅಡುಗೆಕಟ್ಟೆಗೆ ಒರಗಿ ಉಸಿರು ಬಿಗಿಹಿಡಿದು ನಿಂತಿದ್ದಳು.

ಅವಳ ಗಂಡ ಚೆಲುವರಾಜು ವಾರವೆಲ್ಲ ಕಂಪ್ಯೂಟರ್ ಚಿಪ್ ಪರೀಕ್ಷಿಸುವ ಎಂಜಿನಿಯರು. ಶುಕ್ರವಾರ ಸಂಜೆ ಕೂದಲಿಗೆ ಎಣ್ಣೆ ಮೆತ್ತಿ ಮೇಲಕ್ಕೆ ಬಾಚಿದನೆಂದರೆ ರಾಕಬಿಲಿ ಎಂಬ ಹಳೇ ಕಾಲದ ಕುಣಿತದ ಗಿಟಾರು ಹಾಡುಗಳ ಹಾಡುಗಾರ. ಹದಿನೆಂಟು ವರ್ಷ ಬಾರುಗಳಲ್ಲಿ ಹಾಡಿ ಹಾಡಿ, ಈಗ ಮೊದಲ ಆಲ್ಬಮ್ಮು. ರಾಕಬಿಲಿ, ಹಳ್ಳಿಗಾಡಿನ ಕಂಟ್ರಿ ಹಾಡುಗಳ ಬೇರಿಗೇ ಹೋಗಬೇಕೆಂಬ ಹಟ ಅವನದು: ಹಿಂದಿನವರ ಹಾಗೆ ನಡುವೆ ಒಂದೇ ಮೈಕು, ಸುತ್ತ ಎಲ್ಲರೂ. ತೇಪೆ ಹಾಕುವಂತಿಲ್ಲ, ತಪ್ಪಿದರೆ ಮೊದಲಿಂದ. ಒಂಬತ್ತು ಹಾಡು ಮುಗಿದಿದ್ದವು. ಗೂಡ್ಸ್ ರೈಲಿನ ಬಗ್ಗೆ ಅವನೇ ಕಟ್ಟಿದ ಹತ್ತನೆಯದೊಂದು ಬಾಕಿ. ಗಂಟಲು ಆಗಲೇ ಒಡೆಯುತ್ತಿತ್ತು. ರೆಕಾರ್ಡ್ ಮಾಡುತ್ತಿದ್ದ ಅನುರಾಗ್ ಐದಕ್ಕೆ ಏರ್‌ಪೋರ್ಟಿಗೆ ಹೊರಡಬೇಕು. ಮತ್ತೆ ಸಿಗುವುದು ಯಾವ ಕಾಲಕ್ಕೋ.

ಮಗಳು ನವ್ಯಾ ತನಗಿಂತ ಎತ್ತರದ ಬೇಸ್ ವಾದ್ಯವನ್ನು ತಬ್ಬಿಕೊಂಡು ತಂತಿಗಳನ್ನು ಪಟಪಟ ಬಡಿದಳು. ಚೆಲುವರಾಜುವಿನ ಗಿಟಾರು ಅದರ ಬೆನ್ನು ಹತ್ತಿತು. ಅಬ್ಬಾ, ಏನು ಓಟ! ಪ್ರಭಾಳ ಹಿಮ್ಮಡಿ ತಾನಾಗಿ ಕುಣಿಯತೊಡಗಿತು. ಕೊನೆಯ ಸಾಲು ಮುಗಿಯಿತು, ಇನ್ನು ಗಿಟಾರಿನ ನಾಲ್ಕು ಏಟು ಉಳಿದಿತ್ತು ಅಷ್ಟೇ...

ಒಲೆಯ ಮೇಲಿನ ಕುಕ್ಕರ್ ಕೂಗಿತು.

"ಅಮ್ಮಾ! ಸೀರಿಯಸ್ಲಿ?"

"ಗಡಿಯಾರಾನ ಕಾರಲ್ಲಿಟ್ಟು ಬಂದೋಳು ನೀನೇ ಅಲ್ವೇನೇ!" ಚೆಲುವರಾಜು ತಲೆಮೇಲೆ ಕೈ ಹೊತ್ತ.

"ಬೆಳಗ್ಗೆಯಿಂದ ದುಡಿಸ್ತಿದೀರ. ಆ ಹುಡುಗನ್ನ ಹಸ್ಕೊಂಡು ಪ್ಲೇನ್ ಹತ್ತಿಸಕ್ಕಾಗತ್ತೇನ್ರೀ? ಕೈ ಅದರ ಪಾಡಿಗೆ ಬೇಳೆ ಇಟ್ಬಿಟ್ಟಿದೆ," ಎಂದಳು ಪ್ರಭಾ. ಬಾಯಿ ಜೋರಾಗಿತ್ತು, ಕೈ ಮಾತ್ರ ಆಗಲೇ ಉರಿ ಇಳಿಸಿತ್ತು.

"ಇನ್ನೊಂದೇ ಸಲ ಕಣೇ ಆಗೋದು. ಆಮೇಲೆ ಈ ಗಂಟಲಲ್ಲಿ ಮಾತೂ ಹೊರಡಲ್ಲ."

ಅನುರಾಗ್ ಮಾತ್ರ ಕಿವಿಗೆ ಹೆಡ್‌ಫೋನು ಒತ್ತಿಕೊಂಡು ಕೆಟ್ಟ ಟೇಕನ್ನೇ ಮತ್ತೆ ಕೇಳುತ್ತಿದ್ದ. "ಅಣ್ಣಾ, ಒಂದ್ನಿಮಿಷ," ಎಂದು ಅದನ್ನು ಸ್ಪೀಕರಿಗೆ ಹಾಕಿದ. ಕೊನೆಯ ಸಾಲು. ಬೇಸಿನ ಪಟಪಟ. ದೂರದಿಂದೆಂಬಂತೆ ಆ ಕೂಗು.

"ಅಪ್ಪಾ, ದಟ್ಸ್ ದ ಟ್ರೇನ್!" ನವ್ಯಾ ಕಿರುಚಿದಳು.

"ಟ್ರೇನೇ. ಆದ್ರೆ ತಾಳಕ್ಕೆ ಎರಡು ಏಟು ಲೇಟು," ಎಂದ ಅನುರಾಗ್. "ಕುಕ್ಕರ್ ನಾವು ಹೇಳ್ದಂಗೆ ಕೇಳುತ್ತಾ?"

"ನಿಮ್ಮಾತು ಕೇಳಲ್ಲ. ನನ್ಮಾತು ಕೇಳತ್ತೆ."

ಪ್ರಭಾ ಉರಿ ಏರಿಸಿದಳು. ಫೋರ್ಕಿನ ತುದಿಯಿಂದ ವೇಟನ್ನು ಕೂದಲೆಳೆಯಷ್ಟು ಎತ್ತಿದಳು: ಚುಸ್. ಬಿಟ್ಟಳು. ಮತ್ತೆ: ಚುಸ್, ಚುಸ್. ಪೂರ್ತಿ ಎತ್ತಿದಾಗ ಆವಿ ಚಾವಣಿಗೆ ಚೀರಿತು. ಸ್ಕೂಲ್ ಬಸ್ಸು ತಪ್ಪಬಾರದೆಂದು ದಿನಾ ಬೆಳಗ್ಗೆ ಆವಿ ಇಳಿಸುವ ಕೈ ಅದು.

"ಓಹೋ," ಎಂದ ಚೆಲುವರಾಜು. ಮೈಕನ್ನು ಎರಡಡಿ ಅಡುಗೆಕಟ್ಟೆಯ ಕಡೆ ಸರಿಸಿದ. "ಮಂಡ್ಯದೋಳು ಬ್ಯಾಂಡಿಗೆ ಸೇರಿದ್ಲು. ನನ್ ಮುಖ ನೋಡ್ತಿರು. ಹುಬ್ಬು ಹಾರಿಸ್ತೀನಿ, ಆಗ ಎತ್ತು."

ಕೊನೆಯ ಟೇಕು. ನವ್ಯಾ ಬಡಿದಳು, ಗಿಟಾರು ಹಾರಿತು, ಚೆಲುವರಾಜುವಿನ ಒಡಕು ದನಿ ಹಳಿಯ ಮೇಲಿನ ಗಾಲಿಯ ಹಾಗೆ ಗರಗರ ಉರುಳಿತು. ಪ್ರಭಾ ಚುಸ್ ಚುಸ್ ಎಂದು ಹಿಂದೆಯೇ ಹೊರಟಳು. ಬೆರಳು ಸುಡುತ್ತಿತ್ತು, ಸುಡಲಿ. ಎರಡನೇ ಚರಣ ದಾಟಿತು. ಮೂರನೆಯದು. ದನಿ ಒಂದು ಕ್ಷಣ ಸಿಕ್ಕಿಕೊಂಡಿತು, ಅವನು ಎಳೆದುಕೊಂಡು ಮೇಲೆ ಬಂದ. ಕೊನೆಯ ಸಾಲು. ಹುಬ್ಬು ಹಾರಿತು.

ಪ್ರಭಾ ಎತ್ತಿದಳು.

ಆ ಕೂಗು ಸರಿಯಾದ ಏಟಿಗೆ ಬಿದ್ದು, ಉದ್ದಕ್ಕೆ ಸಾಗಿ, ಸಣ್ಣಗಾಗಿ, ಆರಿತು. ಅನುರಾಗ್ ಬೆರಳೆತ್ತಿಯೇ ಕೂತಿದ್ದ. ಆಮೇಲೆ ಕುರ್ಚಿಯಿಂದ ನೆಗೆದ. "ಬಂತು! ಅಣ್ಣಾ, ಬಂತು!"

ಚೆಲುವರಾಜು ಏನೋ ಹೇಳಲು ಬಾಯಿ ತೆರೆದ. ಬರೀ ಗಾಳಿ ಬಂತು. ಗಿಟಾರಿನ ಸಮೇತ ಓಡಿಬಂದು ಹೆಂಡತಿಯನ್ನು ತಬ್ಬಿಕೊಂಡ.

"ಏ ಬಿಡ್ರೀ, ಮಗಳಿದಾಳೆ," ಎಂದಳು ಅವಳು, ಬಿಡಿಸಿಕೊಳ್ಳದೆ. ಅವನ ಭುಜದ ಮೇಲಿಂದಲೇ ಅನುರಾಗನಿಗೆ ಕೂಗಿ ಹೇಳಿದಳು: "ಇನ್ನೊಂದ್ಸಲ ಹಾಕಪ್ಪಾ. ಜೋರಾಗಿ ಹಾಕು, ನನ್ನ ಭಾಗ ಸರಿಯಾಗಿ ಕೇಳ್ಬೇಕು."